ಬಿದ್ದರೆ ಎಷ್ಟು ಖರ್ಚು?

ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಈ ಸದ್ದು ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಒಳಕೋಣೆಯಿಂದ ಮೊದಲು 'ಡ್ರ್‌ರ್‌ರ್' ಎಂದು ಇಂಜಿನ್ನಿನ ಮೊರೆತ. ಆಮೇಲೆ ಅರೆಕ್ಷಣ ಮೌನ; ಬೈಕು ಗಾಳಿಯಲ್ಲಿದೆ ಎಂದರ್ಥ. ಆಮೇಲೆ ಧಡಾರ್! ಹಿಂದೆಯೇ 'ಛೆ!' ಎಂಬ ಉದ್ಗಾರ. ಮತ್ತೆ 'ಡ್ರ್‌ರ್‌ರ್'. ಅಡುಗೆಮನೆಯಿಂದ ಅಮ್ಮ ಕರೆಯುತ್ತಾರೆ. 'ಬಂದೆ ಅಮ್ಮ, ಇದೊಂದೇ ಸಲ' ಎಂಬ ಉತ್ತರ ಬರುತ್ತದೆ. ಆ ಒಂದು ಸಲ ಮುಗಿಯುವಷ್ಟರಲ್ಲಿ ತಟ್ಟೆಯಲ್ಲಿನ ದೋಸೆ ಆರಿ ಚರ್ಮವಾಗಿರುತ್ತದೆ.

ಇಷ್ಟು ಹೊತ್ತು ಬೀಳುತ್ತಾ ಕೂರುವುದರಲ್ಲಿ ಏನು ಸುಖ? ಇದು ಅಪ್ಪ ಅಮ್ಮಂದಿರ ಪ್ರಶ್ನೆ. 'ಸ್ಪೀಡಿನ ಹುಚ್ಚು' ಎಂದು ಉತ್ತರವನ್ನೂ ತಾವೇ ಹೇಳಿಕೊಂಡು ನಿಟ್ಟುಸಿರುಬಿಡುತ್ತಾರೆ. ಮಕ್ಕಳನ್ನು ಕೇಳಿ ನೋಡಿ, 'ಮಜಾ ಇದೆ' ಎಂಬ ಎರಡು ಪದಗಳಾಚೆ ಏನೂ ಹೊರಡುವುದಿಲ್ಲ. ಆದರೆ ಸ್ಪೀಡು ಅಸಲು ಕಾರಣವಲ್ಲ. ಸ್ಪೀಡೇ ಬೇಕೆಂದಿದ್ದರೆ ನುಣ್ಣನೆಯ ಟಾರು ರಸ್ತೆಯಲ್ಲಿ ಕಾರು ಓಡಿಸುವ ಆಟಗಳಿಗೆ ಬರವಿಲ್ಲ. ಮಣ್ಣುಹಾದಿಯ ಬೈಕಿನಾಟದಲ್ಲಿ ದಿಬ್ಬ, ಹೊಂಡ, ಕೆಸರು. ವೇಗ ಹಿಡಿಯುವುದೇ ಕಷ್ಟ. ಅದರ ರುಚಿ ಬೇರೆಲ್ಲೋ ಇದೆ. ಎಲ್ಲಿದೆ ಎಂದು ತಿಳಿಯಬೇಕಾದರೆ ಈ ಜಾತಿಯ ಆಟಗಳ ಅಜ್ಜನ ಹತ್ತಿರವೇ ಹೋಗಬೇಕು.

ಆ ಅಜ್ಜನ ಹೆಸರು ಎಕ್ಸೈಟ್‌ಬೈಕ್. ಹುಟ್ಟಿದ್ದು 1984ರ ನವೆಂಬರ್ 30ರಂದು, ಜಪಾನಿನಲ್ಲಿ. ಹುಟ್ಟಿಸಿದ್ದು ನಿಂಟೆಂಡೊ, 1889ರಲ್ಲಿ ಕ್ಯೋಟೊ ನಗರದಲ್ಲಿ ಆಡುವ ಎಲೆಗಳನ್ನು, ನಮ್ಮ ಇಸ್ಪೀಟಿನ ದೂರದ ಬಂಧುಗಳೆನ್ನಿ, ತಯಾರಿಸಲು ಶುರುವಾದ ಕಂಪೆನಿ. ಆಟದ ವಿನ್ಯಾಸಕ ಶಿಗೆರು ಮಿಯಾಮೊಟೊ. ಕೈಗಾರಿಕಾ ವಿನ್ಯಾಸ ಓದಿಕೊಂಡು 1977ರಲ್ಲಿ ಅಲ್ಲಿ ನೌಕರಿಗೆ ಸೇರಿದವರು. ಎಕ್ಸೈಟ್‌ಬೈಕ್ ಬಂದ ಮರುವರ್ಷ ಇವರೇ ಮೀಸೆಯ ಮಾರಿಯೊನ ಆಟದಿಂದ ಜಗತ್ತಿಗೆಲ್ಲ ಹೆಸರಾದರು. ಮಾರಿಯೊ ಓಡಿದಂತೆ ಹಿಂದಿನ ದೃಶ್ಯ ನುಣುಪಾಗಿ ಸರಿಯುತ್ತದಲ್ಲ, ಆ ವಿದ್ಯೆಗೆ ಅವರ ತಂಡದ ಕೈ ಪಳಗಿದ್ದು ಈ ಬೈಕಿನ ಆಟದಲ್ಲಿ. ಇಡೀ ಎಕ್ಸೈಟ್‌ಬೈಕಿನ ಗಾತ್ರ ಬರೀ 24 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಸಾಧಾರಣ ಫೋಟೋದ ಜಾಗದಲ್ಲಿ ಅಂಥ ನೂರು ಆಟಗಳನ್ನು ತುಂಬಬಹುದು!

ನಮ್ಮ ಊರುಗಳಿಗೆ ಅದು ಬಂದದ್ದು ತೊಂಬತ್ತರ ದಶಕದಲ್ಲಿ, ನಕಲಿ ವೇಷದಲ್ಲಿ. ಟೀವಿಗೆ ಸಿಕ್ಕಿಸುವ ಅಗ್ಗದ ಗೇಮ್ ಪೆಟ್ಟಿಗೆ, ಅದರ ನೆತ್ತಿಗೆ ಚುಚ್ಚುವ ಪ್ಲಾಸ್ಟಿಕ್ ಕ್ಯಾಸೆಟ್. ಅದರೊಳಗೆ ಟೇಪೇ ಇಲ್ಲದಿದ್ದರೂ ನಾವು ಅದನ್ನು ಕರೆದದ್ದು ಕ್ಯಾಸೆಟ್ ಎಂದೇ. ಅದರ ಮೇಲೆ '9999 ಇನ್ 1' ಎಂಬ ಭರ್ಜರಿ ಚೀಟಿ. ಒಳಗಿರುತ್ತಿದ್ದವು ಬೆರಳೆಣಿಕೆಯ ಆಟಗಳು; ಅವೇ ವೇಷ ಬದಲಿಸಿ ಪುಟಗಟ್ಟಲೆ ಮೆರವಣಿಗೆ ಹೊರಡುತ್ತಿದ್ದವು. ಅಂಥ ಕ್ಯಾಸೆಟ್ಟುಗಳಲ್ಲಿ ಮಾರಿಯೊ, ಕಾಂಟ್ರಾಗಳ ನಡುವೆ ಎಕ್ಸೈಟ್‌ಬೈಕೂ ಕುಳಿತಿರುತ್ತಿತ್ತು. ಈಗ ನಲವತ್ತರ ಆಸುಪಾಸಿನಲ್ಲಿರುವ ಅಪ್ಪ ಅಮ್ಮಂದಿರೇ, ಬೇಸಿಗೆ ರಜದಲ್ಲಿ ಪಕ್ಕದ ಮನೆಯ ಟೀವಿ ಮುಂದೆ ನಿಮ್ಮ ಸರದಿಗಾಗಿ ಕಾದು ಕುಳಿತದ್ದು ನೆನಪಾಯಿತೇ? ನೆನಪಾದರೆ ಮುಂದಿನದನ್ನು ಮಕ್ಕಳಿಗೆ ನೀವೇ ವಿವರಿಸಬಹುದು.

ಆಟದಲ್ಲಿ ಗಾಡಿ ಓಡಿಸಲು ಎರಡು ಗುಂಡಿಗಳು. ಒಂದನ್ನು ಒತ್ತಿದರೆ ಬೈಕು ಸಾಮಾನ್ಯ ವೇಗದಲ್ಲಿ ಹೋಗುತ್ತದೆ. ಇನ್ನೊಂದನ್ನು ಒತ್ತಿದರೆ ಚಿಮ್ಮುತ್ತದೆ, ಅದು ಟರ್ಬೊ. ಹೊಸಬ ಏನು ಮಾಡುತ್ತಾನೆ? ಟರ್ಬೊ ಗುಂಡಿಯ ಮೇಲೆ ಹೆಬ್ಬೆಟ್ಟು ಊರಿ ಕೂರುತ್ತಾನೆ. ಪರದೆಯ ಕೆಳಗೊಂದು ಕಾವಿನ ಪಟ್ಟಿ ಇದೆ, ಅದು ಏರತೊಡಗುತ್ತದೆ. ಪೂರ್ತಿ ಏರಿತೋ, ಇಂಜಿನ್ ಕಾದು ಬೈಕು ಪಕ್ಕಕ್ಕೆ ಸರಿದು ನಿಂತೇಬಿಡುತ್ತದೆ. ಸವಾರ ಕೈಕಟ್ಟಿ ಕಾಯಬೇಕು. ಹಿಂದೆ ಬಿಟ್ಟು ಬಂದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಸಾಗುತ್ತಾರೆ. ಹಾದಿಯಲ್ಲಿ ಅಲ್ಲಲ್ಲಿ ಬಾಣದ ಗುರುತುಗಳಿವೆ. ಅವುಗಳ ಮೇಲೆ ಹಾದರೆ ಕಾವು ಇಳಿಯುತ್ತದೆ. ಹೀಗಾಗಿ ಬಲ್ಲವನು ಮಾಡುವುದು ಲೆಕ್ಕಾಚಾರ. ಈ ದಿಬ್ಬದವರೆಗೆ ಟರ್ಬೊ, ಅಲ್ಲಿಂದ ಕೈ ಸಡಿಲ, ಬಾಣದ ಹತ್ತಿರ ಮತ್ತೆ ಟರ್ಬೊ. ಹೊರಗಿನಿಂದ ನೋಡುವವರಿಗೆ ಇದು ನುಗ್ಗುವ ಆಟ. ಆಡುವವನಿಗೆ ಇದು ತಡೆದುಕೊಳ್ಳುವ ಆಟ. 'ನಿಧಾನ, ನಿಧಾನ' ಎಂದು ನಾವು ದಿನಕ್ಕೆ ಹತ್ತು ಸಲ ಹೇಳಿದರೂ ತಲೆಗೆ ಹೋಗದ್ದನ್ನು ಆ ಪಟ್ಟಿ ಒಂದು ಮಧ್ಯಾಹ್ನದಲ್ಲಿ ತಲೆಗೆ ಹಾಕುತ್ತದೆ. ಏಕೆಂದರೆ ಅದು ಬೈಯುವುದಿಲ್ಲ, ಸುಮ್ಮನೆ ನಿಲ್ಲಿಸುತ್ತದೆ.

ಇನ್ನು ದಿಬ್ಬ ಹಾರುವ ಮಾತು. ಗಾಳಿಯಲ್ಲಿರುವಾಗ ಎಡಕ್ಕೆ ಒತ್ತಿದರೆ ಬೈಕಿನ ಮೂತಿ ಮೇಲೇಳುತ್ತದೆ, ಬಲಕ್ಕೆ ಒತ್ತಿದರೆ ಬಾಗುತ್ತದೆ. ಇಳಿಯುವ ಜಾಗ ಇಳಿಜಾರಾಗಿದ್ದರೆ ಮೂತಿಯನ್ನೂ ಅಷ್ಟೇ ಬಾಗಿಸಿಕೊಂಡು ಎರಡೂ ಚಕ್ರಗಳನ್ನು ಒಟ್ಟಿಗೆ ಊರಬೇಕು. ಊರಿದರೆ ಓಟ ಕಡಿಯದೆ ಮುಂದುವರಿಯುತ್ತದೆ, ತಪ್ಪಿದರೆ ಮಣ್ಣು. ವಿದ್ಯಾರ್ಥಿಗಳೇ, ನಿಜವಾದ ಮೋಟೋಕ್ರಾಸ್ ಸವಾರರೂ ಗಾಳಿಯಲ್ಲಿ ಬೈಕಿನ ಮೂತಿಯನ್ನು ತಿದ್ದುತ್ತಾರೆ. ಆಸರೆಗೆ ನೆಲವೇ ಇಲ್ಲದಿರುವಾಗ ಅದು ಹೇಗೆ ಸಾಧ್ಯ? ಆಕ್ಸಿಲರೇಟರ್ ತಿರುಗಿಸಿದರೆ ಹಿಂದಿನ ಚಕ್ರ ಇನ್ನೂ ಜೋರಾಗಿ ಸುತ್ತುತ್ತದೆ. ಅದಕ್ಕೆ ಪ್ರತಿಯಾಗಿ ಬೈಕಿನ ಒಡಲು ಎದುರು ದಿಕ್ಕಿಗೆ ತಿರುಗಿ ಮೂತಿ ಮೇಲೇಳುತ್ತದೆ. ಹಿಂದಿನ ಬ್ರೇಕ್ ತುಳಿದರೆ ಚಕ್ರ ನಿಂತು ಮೂತಿ ಕೆಳಗಿಳಿಯುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ 'ಕೋನೀಯ ಸಂವೇಗದ ಸಂರಕ್ಷಣೆ' ಎಂಬ ಶಿರೋನಾಮೆಯಡಿ ನಿದ್ದೆ ತರಿಸುತ್ತದಲ್ಲ, ಅದೇ ಇದು. ಹಂಗೇರಿಯ ಬಲಾಜ್ ರೋಜ್ಸಾ 2000ದಲ್ಲಿ ಹೊರತಂದ ಎಲಾಸ್ಟೊ ಮೇನಿಯಾ ಎಂಬ ಆಟವಂತೂ ಪೂರ್ತಿ ನಿಂತಿರುವುದು ಬೈಕನ್ನು ಹೀಗೆ ತಿರುಗಿಸುವ, ತೂಗಿಸುವ ಲೆಕ್ಕದ ಮೇಲೆಯೇ. ಅದರಲ್ಲಿ ಎದುರಾಳಿಗಳಿಲ್ಲ. ನೀವು, ಬೈಕು, ಗುರುತ್ವಾಕರ್ಷಣೆ, ಅಷ್ಟೇ.

ಈಗ ಬೀಳುವ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಗುಟ್ಟು ಇರುವುದು ಅಲ್ಲೇ.

ಎಕ್ಸೈಟ್‌ಬೈಕಿನಲ್ಲಿ ಬಿದ್ದ ಸವಾರ ಉರುಳುರುಳಿ ಹಾದಿಯ ಪಕ್ಕಕ್ಕೆ ಹೋಗುತ್ತಾನೆ. ಎದ್ದು, ಪುಟ್ಟ ಕಾಲುಗಳಲ್ಲಿ ಓಡಿಬಂದು ಮತ್ತೆ ಬೈಕು ಹತ್ತುತ್ತಾನೆ. ಗುಂಡಿಯನ್ನು ಪಟಪಟ ಒತ್ತಿದರೆ ಇನ್ನೂ ಬೇಗ ಓಡಿಬರುತ್ತಾನೆ. ಒಟ್ಟು ನಷ್ಟ ಕೆಲವು ಸೆಕೆಂಡು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇವನಿಗೆ ಮೈಯೆಲ್ಲ ಮಣ್ಣಾದರೂ ಚಿಂತೆಯಿಲ್ಲ. ಅಷ್ಟೇ ಅಲ್ಲ, ಏಕೆ ಬಿದ್ದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಮೂತಿ ಹೆಚ್ಚು ಬಾಗಿತ್ತು. ಅಥವಾ ಮುಂದಿನವನ ಹಿಂಚಕ್ರಕ್ಕೆ ನನ್ನ ಮುಂಚಕ್ರ ತಗುಲಿತು. ಈ ಆಟದಲ್ಲಿ ಹಾಗೆ ತಗುಲಿಸಿದವನೇ ಬೀಳುವುದು, ತಗುಲಿಸಿಕೊಂಡವನಲ್ಲ. ಎಂಥ ನ್ಯಾಯ ನೋಡಿ! ತಪ್ಪು ಮಾಡಿದ್ದಕ್ಕೂ ತಪ್ಪು ತಿಳಿದದ್ದಕ್ಕೂ ನಡುವೆ ಅರ್ಧ ಸೆಕೆಂಡಿನ ಅಂತರ. ಮತ್ತೆ ಅದೇ ದಿಬ್ಬ, ಇನ್ನೊಂದು ಸಲ. ದೋಸೆ ಆರುವುದು ಇದಕ್ಕಾಗಿ.

ಅಮೆರಿಕದಲ್ಲಿದ್ದ ಒಬ್ಬ ಮನಃಶಾಸ್ತ್ರಜ್ಞರು ಜನ ಮೈಮರೆತು ಮುಳುಗುವ ಕೆಲಸಗಳನ್ನೆಲ್ಲ ಅಧ್ಯಯನ ಮಾಡಿ 1990ರಲ್ಲಿ 'ಫ್ಲೋ' ಎಂಬ ಪುಸ್ತಕ ಬರೆದರು. ಹೆಸರು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. (ಈ ಹೆಸರನ್ನು ಉಚ್ಚರಿಸುವುದೇ ಒಂದು ಮೋಟೋಕ್ರಾಸ್.) ಗುರಿ ಸ್ಪಷ್ಟವಾಗಿರಬೇಕು, ಮಾಡಿದ್ದು ಸರಿಯೋ ತಪ್ಪೋ ಕೂಡಲೇ ತಿಳಿಯಬೇಕು, ಕೆಲಸ ಕೈಗೆಟುಕುವುದಕ್ಕಿಂತ ತುಸು ಮೇಲಿರಬೇಕು, ಆಗ ಮನುಷ್ಯನಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂಬುದು ಅವರ ಮಾತಿನ ಸಾರ. ವೀಣೆ ನುಡಿಸುವವರಿಗೆ, ಚದುರಂಗದವರಿಗೆ, ಬಂಡೆ ಹತ್ತುವವರಿಗೆ ಆಗುವುದು ಇದೇ.

ಬೀಳುವುದನ್ನೇ ಅಡಿಪಾಯ ಮಾಡಿಕೊಂಡ ಆಟವೂ ಇದೆ. ಫಿನ್ಲೆಂಡಿನ ರೆಡ್‌ಲಿಂಕ್ಸ್ ಸಂಸ್ಥೆ 2009ರಲ್ಲಿ ಟ್ರಯಲ್ಸ್ ಎಚ್‌ಡಿ ಎಂಬ ಆಟವನ್ನು ಹೊರತಂದಿತು. ಬಿದ್ದ ತಕ್ಷಣ ಒಂದು ಗುಂಡಿ ಒತ್ತಿದರೆ ಹಿಂದಿನ ಕಂಬದ ಬಳಿ ಬೈಕು ಸಿದ್ಧ. ಕಾಯುವುದೇ ಇಲ್ಲ. ಒಂದು ಹಾದಿಗೆ ಅದು ಕೊಡುವ ಮಿತಿ ಎಷ್ಟು ಗೊತ್ತೇ? 30 ನಿಮಿಷ ಅಥವಾ 500 ತಪ್ಪುಗಳು! ಲೆಕ್ಕ ಹಾಕಿ, 3.6 ಸೆಕೆಂಡಿಗೊಂದು ಬೀಳು. ಐನೂರು ಸಲ ಬೀಳುವುದಕ್ಕೆ ಒಪ್ಪಿಗೆ ಕೊಟ್ಟ ಮೇಷ್ಟರನ್ನು ನಿಮ್ಮ ಮಗ ಅಥವಾ ಮಗಳು ಬೇರೆಲ್ಲಿ ನೋಡಬೇಕು?

ಈಗ ಶಾಲೆಯ ಕಡೆ ತಿರುಗಿ. ಅಲ್ಲಿ ಲೆಕ್ಕ ತಪ್ಪಿದ್ದು ಗೊತ್ತಾಗುವುದು ಉತ್ತರಪತ್ರಿಕೆ ಕೈಗೆ ಬಂದಾಗ, ವಾರಗಳಾದ ಮೇಲೆ. ಆ ಹೊತ್ತಿಗೆ ತರಗತಿ ಮುಂದಿನ ಪಾಠದಲ್ಲಿರುತ್ತದೆ. ಏಕೆ ತಪ್ಪಿತು ಎಂದು ಹೇಳಲು ಅರವತ್ತು ಮಕ್ಕಳ ನಡುವೆ ಮೇಷ್ಟರಿಗೆ ಪುರುಸೊತ್ತಿಲ್ಲ. ಹೇಳುವುದು ಒಂದು ಅಂಕಿ, ಅದೂ ಕೆಂಪು ಶಾಯಿಯಲ್ಲಿ. ಹತ್ತನೇ ತರಗತಿಯಲ್ಲಂತೂ ಬೀಳುವ ಬೆಲೆ ಒಂದು ವರ್ಷವೇ ಆಗಿಬಿಡಬಹುದು. ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಒಂದೇ ವರ್ಷ ಮೂರು ಪರೀಕ್ಷೆಗಳ ಅವಕಾಶ ಕೊಟ್ಟು, ಬಂದದ್ದರಲ್ಲಿ ಒಳ್ಳೆಯ ಅಂಕ ಉಳಿಸಿಕೊಳ್ಳಿ ಎಂದಾಗ ಕೆಲವರು 'ಪರೀಕ್ಷೆ ಸಸಾರವಾಯಿತು' ಎಂದು ಮೂಗು ಮುರಿದರು. ನನಗೆ ಹಾಗನ್ನಿಸಲಿಲ್ಲ. ಪ್ರಶ್ನೆಪತ್ರಿಕೆ ಸುಲಭವಾಗಲಿಲ್ಲ, ಬಿದ್ದವರು ಏಳುವ ಖರ್ಚು ಇಳಿಯಿತು. ಎರಡೂ ಬೇರೆ ಬೇರೆ. ದಿಬ್ಬದ ಎತ್ತರ ಅಷ್ಟೇ ಇದೆ.

ಮನೆಯಲ್ಲೂ ಇದನ್ನು ಮಾಡಬಹುದು. ಹತ್ತು ಲೆಕ್ಕ ಮಾಡಿ ಮುಗಿಸಿದ ಮೇಲೆ ಒಟ್ಟಿಗೆ ತಿದ್ದುವ ಬದಲು ಒಂದೊಂದು ಲೆಕ್ಕವಾದ ಕೂಡಲೇ ಉತ್ತರ ತೋರಿಸಿ, ತಪ್ಪಿದ್ದನ್ನು ಆಗಲೇ ಇನ್ನೊಂದು ಸಲ ಮಾಡಲು ಬಿಡಿ. ಮುಖ ಗಂಟಿಕ್ಕಬೇಡಿ. ಬೈಕಿನಾಟ ಗಂಟಿಕ್ಕುವುದಿಲ್ಲ.

ಇಷ್ಟು ಹೊಗಳಿದ ಮೇಲೆ ತೆಗಳುವುದೂ ಇದೆ. ಹಳೆಯ ಕ್ಯಾಸೆಟ್ಟಿನ ಆಟವನ್ನು ಒಮ್ಮೆ ಮಾರಿದರೆ ಕಂಪೆನಿಯ ವ್ಯಾಪಾರ ಮುಗಿಯಿತು. ನೀವು ನೂರು ಸಲ ಬಿದ್ದರೂ ಅದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೊಬೈಲಿನಲ್ಲಿ 'ಉಚಿತ' ಎಂದು ಸಿಗುವ ಬೈಕಿನಾಟಗಳಲ್ಲಿ ಹಲವು ಹಾಗಲ್ಲ. ಅಲ್ಲೂ ಒಂದು ಪಟ್ಟಿ ಇರುತ್ತದೆ. ಕಾವಿನದಲ್ಲ, ಪೆಟ್ರೋಲಿನದೋ 'ಶಕ್ತಿ'ಯದೋ. ಅದು ಖಾಲಿಯಾದರೆ ಮೂವತ್ತು ನಿಮಿಷ ಕಾಯಿರಿ, ಇಲ್ಲವೇ ಜಾಹೀರಾತು ನೋಡಿ, ಇಲ್ಲವೇ ದುಡ್ಡು ಕೊಡಿ. ಬಿದ್ದಿರಾ? ಬಿದ್ದ ಜಾಗದಿಂದಲೇ ಏಳಬೇಕಾದರೆ ಇನ್ನೊಂದು ಜಾಹೀರಾತು. ಎಂಟನೆಯ ಹಾದಿ ಗೆಲ್ಲಲಾಗುತ್ತಿಲ್ಲವೇ? ಇಗೋ, ಹೆಚ್ಚು ಬಲದ ಬೈಕು, ಇಂತಿಷ್ಟು ರೂಪಾಯಿ. ನೋಡಲು ಅದೇ ಮಣ್ಣು, ಅದೇ ದಿಬ್ಬ. ಆದರೆ ಇಲ್ಲಿ ಮಗು ಬೀಳುವುದೇ ಅಂಗಡಿಯವನ ಆದಾಯ. ಕಾವಿನ ಪಟ್ಟಿ ಕಲಿಸುವುದು ತಡೆದುಕೊಳ್ಳುವುದನ್ನು. ಈ ಪಟ್ಟಿ ಕಲಿಸುವುದು ತಡೆದುಕೊಳ್ಳಲಾಗದೆ ದುಡ್ಡು ಬಿಚ್ಚುವುದನ್ನು. ಪಾಲಕರು 'ಎಷ್ಟು ಹೊತ್ತು ಆಡಿದೆ?' ಎಂದು ಗಡಿಯಾರ ನೋಡುವುದರ ಜೊತೆಗೆ 'ಬಿದ್ದರೆ ಅದು ಏನು ಕೇಳುತ್ತದೆ?' ಎಂದೂ ವಿಚಾರಿಸಬೇಕು. ಹತ್ತು ನಿಮಿಷ ಪಕ್ಕದಲ್ಲಿ ಕುಳಿತರೆ ಉತ್ತರ ಕಣ್ಣಿಗೇ ಕಾಣುತ್ತದೆ.

ಗಡಿಯಾರವೂ ಬೇಡವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಆಟದ ಚಟವೂ ಸೇರಿದೆ. ಆದರೆ ಅಲ್ಲಿ ಗಂಟೆಗಳ ಲೆಕ್ಕವಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ಓದು ಗೆಳೆತನಗಳಿಗಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ವರ್ಷದಷ್ಟು ಕಾಲ ಕಂಡರೆ ಅದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿ 'ಷಟ್' ಎಂಬ ಚಿಕಿತ್ಸಾಲಯವನ್ನು 2014ರಲ್ಲೇ ತೆರೆಯಿತು. ಆರಿದ ದೋಸೆ ಕಾಯಿಲೆಯಲ್ಲ. ವಾರಗಟ್ಟಲೆ ದೋಸೆಯೇ ಬೇಡವೆಂದರೆ ವಿಚಾರಿಸಿ.

ಇನ್ನು ಅಪ್ಪ ಅಮ್ಮಂದಿರು ಬಾಯಿಬಿಟ್ಟು ಹೇಳದ ಅಸಲು ಭಯಕ್ಕೆ ಬರೋಣ. ಪರದೆಯಲ್ಲಿ ಹಾರಿಸಿದವನು ನಾಳೆ ಹಿತ್ತಲಲ್ಲಿ ನಿಂತಿರುವ ಬೈಕಿನ ಕೀಲಿ ಕೇಳುತ್ತಾನೆ. ಕೇಳಿಯೇ ಕೇಳುತ್ತಾನೆ, ಆಟವಾಡದ ಹುಡುಗರೂ ಕೇಳುತ್ತಾರೆ. ಅಲ್ಲಿ ಬೀಳುವ ಬೆಲೆ ಸೆಕೆಂಡುಗಳಲ್ಲಿಲ್ಲ, ರೂಪಾಯಿಯಲ್ಲೂ ಇಲ್ಲ.

ನಿಜವಾದ ಮಣ್ಣುಹಾದಿಯ ರೇಸು ಶುರುವಾದದ್ದು ಇಂಗ್ಲೆಂಡಿನ ಸರ್ರೆ ಪ್ರಾಂತದ ಕ್ಯಾಂಬರ್ಲಿಯಲ್ಲಿ, 1924ರಲ್ಲಿ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೋಕ್ರಾಸಿನಲ್ಲಿ ಪಳಗಿ, 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಅದನ್ನು ಪೂರೈಸಿದ ಮೊದಲ ಭಾರತೀಯ ಅವರೇ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಇವೆಲ್ಲ ಹೆಮ್ಮೆಯ ಮಾತು. ಆದರೆ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಕಾರ್‌ನಲ್ಲಿ ಇದೇ ಸಂತೋಷ್ ಬಿದ್ದರು. ತಲೆಗೆ ಪೆಟ್ಟು. ವಿಮಾನದಲ್ಲಿ ರಿಯಾದ್‌ಗೆ ಸಾಗಿಸಿ, ವೈದ್ಯರು ಔಷಧ ಕೊಟ್ಟು ಪ್ರಜ್ಞೆ ತಪ್ಪಿಸಿ ಮಲಗಿಸಿಡಬೇಕಾಯಿತು. ಅವರು ಚೇತರಿಸಿಕೊಂಡು ಊರಿಗೆ ಮರಳಿದರು. ಗಮನಿಸಿ, ಹೆಲ್ಮೆಟ್ಟು, ಎದೆಗವಚ, ಮಂಡಿಗವಚ, ಮೊಣಕಾಲ ತನಕದ ಬೂಟು, ಕರೆದರೆ ಹಾರಿಬರುವ ಹೆಲಿಕಾಪ್ಟರ್, ಇಷ್ಟೆಲ್ಲ ಇದ್ದೂ ಆದದ್ದು ಇದು. ಹದಿನೈದರ ಹುಡುಗ ಚಪ್ಪಲಿ ಮೆಟ್ಟಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ರಸ್ತೆಯ ಉಬ್ಬು ಹಾರಿಸುವಾಗ ಇವುಗಳಲ್ಲಿ ಒಂದಾದರೂ ಇರುತ್ತದೆಯೇ?

ಕಾನೂನೂ ಇಲ್ಲಿ ಬೆಲೆ ಕಟ್ಟಿದೆ. ಹದಿನೆಂಟು ತುಂಬದೆ ರಸ್ತೆಯಲ್ಲಿ ಬೈಕು ಓಡಿಸುವಂತಿಲ್ಲ. ಹದಿನಾರಾದವರಿಗೆ ಲೈಸೆನ್ಸ್ ಪಡೆದು 50 ಸಿಸಿ ಮೀರದ ಇಂಜಿನ್ನಿನ ಗಾಡಿಗೆ ಮಾತ್ರ ಅವಕಾಶ. 2019ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಮಗನ ಮುಂದೆ ಕೂತು, ಗದರದೆ, ಆಟದ ಭಾಷೆಯಲ್ಲೇ ಹೇಳಿ. ಪರದೆಯ ಮೇಲೆ ಬಿದ್ದರೆ ಇಷ್ಟು, ರಸ್ತೆಯಲ್ಲಿ ಬಿದ್ದರೆ ಇಷ್ಟು. ಐನೂರು ಸಲ ಬಿದ್ದು ಲೆಕ್ಕ ಕಲಿತವನಿಗೆ ಈ ಲೆಕ್ಕ ಅರ್ಥವಾಗದೇ ಇರುವುದಿಲ್ಲ.

ಹಾಗಾದರೆ ಆಟ ಆರಿಸುವಾಗ ಏನು ನೋಡಬೇಕು ಎಂದು ಕೇಳುತ್ತೀರಿ. ಹಾದಿಯನ್ನು ಮಗುವೇ ಕಟ್ಟಲು ಅವಕಾಶವಿದೆಯೇ ನೋಡಿ. ಎಕ್ಸೈಟ್‌ಬೈಕಿನಲ್ಲಿ ಅದೂ ಇತ್ತು. ತರತರದ ದಿಬ್ಬ, ಕೆಸರು, ಬಾಣಗಳಿಗೆಲ್ಲ ಇಂಗ್ಲಿಷಿನ ಎ, ಬಿ, ಸಿ ಎಂದು ಒಂದೊಂದು ಅಕ್ಷರ. ಬೇಕಾದ ಅಕ್ಷರವನ್ನು ಬೇಕಾದ ಕಡೆ ಇಟ್ಟು ಸ್ವಂತ ಹಾದಿ ಮಾಡಿ, ಅದರಲ್ಲೇ ಓಡಿಸಬಹುದಿತ್ತು. ಬೀಳುವವನು ತಾನೇ ಬೀಳಿಸುವವನೂ ಆದಾಗ ದಿಬ್ಬದ ಅಂತರ ಎಷ್ಟಿರಬೇಕು, ಬಾಣ ಎಲ್ಲಿಡಬೇಕು ಎಂಬ ಯೋಚನೆ ಶುರುವಾಗುತ್ತದೆ. ಒಂದೇ ತೊಡಕೆಂದರೆ, ಕಟ್ಟಿದ್ದನ್ನು ಉಳಿಸಿಕೊಳ್ಳಲು ಜಪಾನಿನಲ್ಲಿ ಮಾತ್ರ ಮಾರುತ್ತಿದ್ದ ಒಂದು ಟೇಪ್ ರೆಕಾರ್ಡರ್ ಬೇಕಿತ್ತು. ಅಮೆರಿಕದಲ್ಲಿ ಮಾರಿದ ಕ್ಯಾಸೆಟ್ಟಿನಲ್ಲಿ 'ಸೇವ್' ಎಂಬ ಪದ ಪರದೆಯ ಮೇಲೆ ಕಾಣುತ್ತಿತ್ತು, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮುಂದೆಂದೋ ಬೇಕಾದೀತು ಎಂದು ಇಟ್ಟಿದ್ದೇವೆ ಎಂದು ಕಂಪೆನಿಯ ಕೈಪಿಡಿಯೇ ಹೇಳಿತ್ತು. ಕರೆಂಟು ಹೋದರೆ ಹಾದಿಯೂ ಹೋಯಿತು! ನಮ್ಮ ಊರುಗಳಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ, ಅದು ಬೇರೆ ಮಾತು. ಆದರೆ ಅಕ್ಷರಗಳಿದ್ದವಲ್ಲ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವನ್ನು ಸಾಲಾಗಿ ಬರೆದಿಟ್ಟುಕೊಂಡರೆ ನಾಳೆ ಮತ್ತೆ ಕಟ್ಟಬಹುದಿತ್ತು. 2011ರಲ್ಲಿ ನಿಂಟೆಂಡೊ ತನ್ನ ಕೈಯಲ್ಲಿ ಹಿಡಿದಾಡುವ 3ಡಿಎಸ್ ಯಂತ್ರಕ್ಕೆ ಎಕ್ಸೈಟ್‌ಬೈಕನ್ನು ಮತ್ತೆ ತಂದಿತು. ಅದರಲ್ಲಿ ಕಟ್ಟಿದ ಹಾದಿ ಯಂತ್ರ ಆರಿಸಿದ ಮೇಲೂ ಉಳಿಯುತ್ತಿತ್ತು.